ಡಿಸ್ಚಾರ್ಜ್ ಆದ ಮೇಲೆ: ಹೃದಯ ವೈಫಲ್ಯದ ಆರೈಕೆ ಎಲ್ಲಿ ತಪ್ಪಿಹೋಗುತ್ತದೆ

(ಬೆಂಗಳೂರಿನ ಚಂದ್ರಾ ಲೇಔಟ್‌ನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಹೃದಯದ ಕಾಯಿಲೆ ಎಂದರೆ ನಮಗೆ ಮೊದಲು ನೆನಪಾಗುವುದು ಹೃದಯಾಘಾತ. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಟೀವಿಯಲ್ಲಿ ಬಂದದ್ದೇ ತಡ, ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಆಘಾತಕ್ಕೆ ನಮ್ಮ ರಾಜ್ಯದಲ್ಲಿ ಈಗ ಒಂದು ವ್ಯವಸ್ಥೆಯಿದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಜೀವ ಉಳಿಸುವ ಕೆಲಸ ಅದು. ನಾನು ಇವತ್ತು ಹೇಳಹೊರಟಿರುವುದು ಹಾಗೆ ಉಳಿದುಕೊಂಡವರ ಮುಂದಿನ ವರ್ಷಗಳ ಬಗ್ಗೆ. ಆಘಾತ ದಾಟಿ ಮನೆಗೆ ಬಂದವರಲ್ಲಿ ಎಷ್ಟೋ ಜನರ ಹೃದಯದ ಸ್ನಾಯು ಸೋತಿರುತ್ತದೆ. ವರ್ಷಗಟ್ಟಲೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರಲ್ಲಿ, ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಕವಾಟ ಕೆಟ್ಟವರಲ್ಲಿ, ಕೆಲವು ಬಾಣಂತಿಯರಲ್ಲಿ, ಅತಿಯಾಗಿ ಕುಡಿಯುವವರಲ್ಲಿ ಕೂಡ ಹೀಗಾಗುತ್ತದೆ. ಇದಕ್ಕೆ ದೀರ್ಘಕಾಲಿಕ ಹೃದಯ ವೈಫಲ್ಯ ಎನ್ನುತ್ತೇವೆ.

ಸಂಪಿನ ಮೋಟಾರು ಸೋತರೆ ಮೇಲಿನ ಟ್ಯಾಂಕಿಗೆ ನೀರು ಏರುವುದಿಲ್ಲ, ಕೆಳಗೆ ಸಂಪು ತುಂಬಿ ಹರಿಯುತ್ತದೆ. ಇಲ್ಲಿಯೂ ಅಷ್ಟೇ. ಮುಂದಕ್ಕೆ ಹೋಗಬೇಕಾದ ರಕ್ತ ಸಾಕಷ್ಟು ಹೋಗದೆ ಸುಸ್ತು, ಹಿಂದೆ ನಿಂತ ನೀರಿನಿಂದ ಕಾಲು ಬಾವು, ಶ್ವಾಸಕೋಶದಲ್ಲಿ ಉಬ್ಬಸ. ಒಂದು ದಿಂಬಿನ ಮೇಲೆ ಮಲಗುತ್ತಿದ್ದವರಿಗೆ ಎರಡು ಬೇಕಾಗುತ್ತದೆ, ಆಮೇಲೆ ಮೂರು. ಕೊನೆಗೆ ರಾತ್ರಿ ಎದ್ದು ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು ಬೆಳಗು ಮಾಡುತ್ತಾರೆ. ಚಂದ್ರಾ ಲೇಔಟಿನ ಕ್ಲಿನಿಕ್ಕಿನಲ್ಲಿ ಕೂತ ಕುಟುಂಬ ವೈದ್ಯನಾಗಿ ನಾನು ಇಂಥವರನ್ನು ಪ್ರತಿವಾರ ನೋಡುತ್ತೇನೆ. ಇವರಿಗಾಗಿ ಯಾರೂ ಸಾಲು ನಿಲ್ಲುವುದಿಲ್ಲ, ಟೀವಿಯವರು ಬರುವುದಿಲ್ಲ.

ಅಂಕಿ ಅಂಶಗಳನ್ನು ಸ್ವಲ್ಪ ನೋಡೋಣ. 2017ರಲ್ಲಿ ಪ್ರಕಟವಾದ ಇಂಟರ್-ಸಿಎಚ್‌ಎಫ್ ಎಂಬ ಅಧ್ಯಯನ 16 ದೇಶಗಳ 5,800ಕ್ಕೂ ಹೆಚ್ಚು ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿತು. ಒಟ್ಟಾರೆ ಸಾವಿನ ಪ್ರಮಾಣ ಶೇ. 16.5. ಚೀನಾದಲ್ಲಿ ಶೇ. 7. ಭಾರತದಲ್ಲಿ ಶೇ. 23. ತಿರುವನಂತಪುರದ 18 ಆಸ್ಪತ್ರೆಗಳಲ್ಲಿ 2013ರಲ್ಲಿ ದಾಖಲಾದ 1,205 ರೋಗಿಗಳ ನೋಂದಣಿ ಇದೆ. ಅವರಲ್ಲಿ ಐದು ವರ್ಷದ ಹೊತ್ತಿಗೆ ಶೇ. 59ರಷ್ಟು ಜನ ತೀರಿಕೊಂಡಿದ್ದರು. ಎಷ್ಟೋ ಕ್ಯಾನ್ಸರುಗಳಲ್ಲಿ ಐದು ವರ್ಷ ಬದುಕುವವರು ಇದಕ್ಕಿಂತ ಹೆಚ್ಚು. ನಮ್ಮ ಹೃದಯ ವೈಫಲ್ಯದ ರೋಗಿಗಳ ಸರಾಸರಿ ವಯಸ್ಸು ಅರವತ್ತರ ಆಸುಪಾಸು, ಪಶ್ಚಿಮದ ದೇಶಗಳಿಗಿಂತ ಸುಮಾರು ಹತ್ತು ವರ್ಷ ಚಿಕ್ಕವರು. ಮಗಳ ಮದುವೆ ಇನ್ನೂ ಆಗಿರದ, ಮನೆ ಸಾಲ ತೀರಿರದ ವಯಸ್ಸು.

ಹಾಗಾದರೆ ಔಷಧವಿಲ್ಲವೆ? ಇದೆ. ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿಯೇ. ಹೃದಯದ ಪಂಪಿಂಗ್ ಶಕ್ತಿ ಕುಂದಿದವರಿಗೆ ನಾಲ್ಕು ಬಗೆಯ ಮಾತ್ರೆಗಳು ಆಯಸ್ಸನ್ನೇ ಹೆಚ್ಚಿಸುತ್ತವೆ ಎಂದು ದೊಡ್ಡ ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಿದೆ. ಸ್ಪೈರೊನೊಲ್ಯಾಕ್ಟೋನ್ ಎಂಬ ಹಳೆಯ, ಅಗ್ಗದ ಮಾತ್ರೆ ತೀವ್ರ ವೈಫಲ್ಯ ಇದ್ದವರಲ್ಲಿ ಸಾವಿನ ಅಪಾಯವನ್ನು ಶೇ. 30ರಷ್ಟು ತಗ್ಗಿಸುತ್ತದೆ ಎಂದು ಗೊತ್ತಾಗಿದ್ದು 1999ರಲ್ಲಿ. ಸಕ್ಕರೆ ಕಾಯಿಲೆಗೆಂದು ಬಂದ ಡಾಪಾಗ್ಲಿಫ್ಲೋಜಿನ್ ಸಕ್ಕರೆ ಇಲ್ಲದವರ ಹೃದಯಕ್ಕೂ ಒಳ್ಳೆಯದು ಎಂದು 2019ರಲ್ಲಿ ತಿಳಿಯಿತು. ಅದೇ ಜಾತಿಯ ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2025ರ ಮಾರ್ಚಿನಲ್ಲಿ ಮುಗಿದು, ಅರವತ್ತು ರೂಪಾಯಿಯ ಆಸುಪಾಸಿನಲ್ಲಿದ್ದ ಮಾತ್ರೆ ಹತ್ತು ರೂಪಾಯಿಯ ಹತ್ತಿರಕ್ಕೆ ಇಳಿಯಿತು. ಆದರೂ ದೇಶದ 53 ಆಸ್ಪತ್ರೆಗಳ 10,851 ರೋಗಿಗಳನ್ನು ಒಳಗೊಂಡ ರಾಷ್ಟ್ರೀಯ ಹೃದಯ ವೈಫಲ್ಯ ನೋಂದಣಿ ಕಂಡುಕೊಂಡದ್ದೇನು? ಪಂಪಿಂಗ್ ಕುಂದಿದವರಲ್ಲಿ ಮಾರ್ಗಸೂಚಿ ಹೇಳುವ ಚಿಕಿತ್ಸೆ ಸಿಕ್ಕಿದ್ದು ಶೇ. 47.5 ಮಂದಿಗೆ. ಮೂರೇ ತಿಂಗಳಲ್ಲಿ ತೀರಿಕೊಂಡವರು ಶೇ. 14.2.

ಔಷಧ ಇದೆ, ಅಂಗಡಿಯಲ್ಲಿ ಸಿಗುತ್ತದೆ, ಬೆಲೆಯೂ ಇಳಿದಿದೆ. ಆದರೂ ರೋಗಿಯ ಹೊಟ್ಟೆಗೆ ಸೇರುತ್ತಿಲ್ಲ. ಯಾಕೆ? ಈ ಪ್ರಶ್ನೆಗೆ ನೋಂದಣಿ ಪುಸ್ತಕಗಳು ಉತ್ತರ ಕೊಡುವುದಿಲ್ಲ. ಅವು ಎಷ್ಟು ಎಂದು ಹೇಳುತ್ತವೆ. ಯಾಕೆ ಎನ್ನುವುದಕ್ಕೆ ಜನರ ಹತ್ತಿರ ಕೂತು ಕೇಳಬೇಕು. ಹಾಗೆ ಕೇಳುವುದಕ್ಕೂ ಒಂದು ಶಾಸ್ತ್ರವಿದೆ, ಅದೇ ಗುಣಾತ್ಮಕ ಸಂಶೋಧನೆ.

ಇದನ್ನು ವಿವರಿಸಲು ನಾನು ದೂರ ಹೋಗಬೇಕಾಗಿಲ್ಲ. ಇಲ್ಲೇ ಪಕ್ಕದ ನಾಗರಭಾವಿಯಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ನಾವೆಲ್ಲ ಐಸೆಕ್ ಎನ್ನುವ ಸಂಸ್ಥೆ ಇದೆ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಅದನ್ನು ಕಟ್ಟಿದಾಗ ಜತೆಗೂಡಿದವರು ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. 1948ರಲ್ಲಿ ಶ್ರೀನಿವಾಸರು ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಉಳಿದರು. ಪ್ರಶ್ನಾವಳಿ ಹಂಚಿ ಬಂದುಬಿಡಲಿಲ್ಲ. ಜಗಲಿಯ ಮೇಲೆ ಕೂತರು, ಜಗಳ ಕೇಳಿದರು, ಯಾರು ಯಾರ ಮನೆಯಲ್ಲಿ ಉಣ್ಣುತ್ತಾರೆ, ಯಾರು ಉಣ್ಣುವುದಿಲ್ಲ ಎಂದು ನೋಡಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳು ಆಹುತಿಯಾದವು. ನೆನಪಿನಿಂದಲೇ ಬರೆದು 1976ರಲ್ಲಿ ಹೊರತಂದ ಪುಸ್ತಕ ಇವತ್ತಿಗೂ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಪಾಠವಾಗುತ್ತದೆ. ನೋಡುವುದು, ಕೇಳುವುದು, ಸರಿಯಾಗಿ ಬರೆದಿಡುವುದು ಎಷ್ಟು ಗಂಭೀರವಾದ ವಿದ್ಯೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಬೇಡ.

ಆಸ್ಪತ್ರೆಯೊಳಗೆ ಈ ವಿದ್ಯೆಗೆ ಒಂದು ಪದ್ಧತಿ ಕಟ್ಟಿಕೊಟ್ಟವರು ಅಮೆರಿಕದ ಸಮಾಜಶಾಸ್ತ್ರಜ್ಞರಾದ ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್. 1960ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಆಸ್ಪತ್ರೆಗಳಲ್ಲಿ ಸಾಯುತ್ತಿರುವವರ ಹತ್ತಿರ ಏನು ನಡೆಯುತ್ತದೆ ಎಂದು ಅವರು ಗಮನಿಸಿದರು. ಮೊದಲೇ ಸಿದ್ಧಾಂತ ಇಟ್ಟುಕೊಂಡು ಹೋಗಬೇಡಿ, ಜನ ಹೇಳಿದ ಮಾತಿನಿಂದಲೇ ಸಿದ್ಧಾಂತ ಮೇಲೇಳಲಿ ಎಂದರು. ಇವತ್ತಿಗೂ ಕ್ರಮ ಹೆಚ್ಚುಕಡಿಮೆ ಅದೇ. ರೋಗಿಯ ಒಪ್ಪಿಗೆ ಪಡೆದು, ಅವರ ಮನೆಯಲ್ಲಿ, ಅವರ ಭಾಷೆಯಲ್ಲಿ ಒಂದೆರಡು ಗಂಟೆ ಮಾತು. ರೆಕಾರ್ಡ್ ಮಾಡಿದ್ದನ್ನು ಪದ ಬಿಡದೆ ಬರೆದುಕೊಳ್ಳುವುದು. ಸಾಲು ಸಾಲು ಓದಿ ಯಾವ ಮಾತು ಯಾವುದಕ್ಕೆ ಹೊಂದುತ್ತದೆ ಎಂದು ಜೋಡಿಸುವುದು. ಹೊಸ ವಿಷಯ ಬರುವುದು ನಿಂತಮೇಲೆ ನಿಲ್ಲಿಸುವುದು. ‘ಇಪ್ಪತ್ತು ಜನರ ಮಾತು ಕೇಳಿ ಏನು ಗೊತ್ತಾಗುತ್ತೆ’ ಎಂದು ನನ್ನ ಸಹೋದ್ಯೋಗಿಗಳೇ ಕೇಳುತ್ತಾರೆ. ಶೇಕಡಾ ಎಷ್ಟು ಎಂಬುದು ಖಂಡಿತ ಗೊತ್ತಾಗುವುದಿಲ್ಲ. ಬಾಗಿಲು ಎಲ್ಲಿ ಮುಚ್ಚಿದೆ ಎಂಬುದು ಗೊತ್ತಾಗುತ್ತದೆ.

ಬ್ರಿಟನ್ನಿನ ಮೂರು ಅಧ್ಯಯನಗಳು ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವು. 2000ದಲ್ಲಿ ಪ್ರಕಟವಾದ ಒಂದರಲ್ಲಿ 27 ರೋಗಿಗಳ ಜತೆ ಮಾತಾಡಿದ್ದರು. ಅವರಲ್ಲಿ ಹಲವರಿಗೆ ತಮ್ಮ ಕಾಯಿಲೆ ಏನೆಂದೇ ಸ್ಪಷ್ಟವಿರಲಿಲ್ಲ, ವೈದ್ಯರಿಗೆ ಹೆಚ್ಚು ಹೇಳಲು ಇಷ್ಟವಿಲ್ಲ ಎಂದು ಅವರು ನಂಬಿದ್ದರು. 2002ರಲ್ಲಿ ಎಡಿನ್‌ಬರೋದಲ್ಲಿ 20 ಮಂದಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನೂ 20 ಮಂದಿ ಹೃದಯ ವೈಫಲ್ಯದವರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕ್ಯಾನ್ಸರಿನವರಿಗೆ ಮಾಹಿತಿ, ನರ್ಸ್, ಸಾಂತ್ವನ ಎಲ್ಲ ಇತ್ತು. ಹೃದಯದವರಿಗೆ ಇದೆಲ್ಲ ತೀರ ಕಡಿಮೆ ಸಿಕ್ಕಿತ್ತು. 2003ರದ್ದು ಕುಟುಂಬ ವೈದ್ಯರನ್ನೇ ಕೂರಿಸಿ ಕೇಳಿದ್ದು. ರೋಗ ಪತ್ತೆಯಲ್ಲಿ ಅನುಮಾನ, ಮಾತ್ರೆ ಶುರುಮಾಡಲು ಭಯ, ಎಕೋ ಪರೀಕ್ಷೆ ಎಲ್ಲಿ ಸಿಗುತ್ತದೆ ಎಂಬ ಗೊಂದಲ. ಉಚಿತ ಚಿಕಿತ್ಸೆ ಇರುವ ದೇಶದ ವೈದ್ಯರ ಮಾತು ಇದು. ಓದುವಾಗ ವಿಜಯನಗರದ ನಮ್ಮ ವೈದ್ಯರ ಕೂಟದಲ್ಲೇ ಕೂತು ಕೇಳಿದಂತಿತ್ತು.

ನಮ್ಮ ಊರಿನಲ್ಲೂ ಇಂಥ ಕೆಲಸ ಆಗಿದೆ, ಬೇರೆ ಕಾಯಿಲೆಯ ಮೇಲೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್‌ನವರು ಕಾಡುಗೊಂಡನಹಳ್ಳಿಯಲ್ಲಿ, ಅಂದರೆ ಕೆ.ಜಿ. ಹಳ್ಳಿಯಲ್ಲಿ, ಒಂಬತ್ತು ಸಾವಿರಕ್ಕೂ ಹೆಚ್ಚು ಮನೆಗಳ ಸಮೀಕ್ಷೆ ಮಾಡಿದರು. ಉಪೇಂದ್ರ ಭೋಜಾನಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ದೀರ್ಘಕಾಲದ ಕಾಯಿಲೆಯಿದ್ದ ಮನೆಗಳಲ್ಲಿ ಶೇ. 16ರಷ್ಟು ತಮ್ಮ ಆದಾಯದ ಹತ್ತನೇ ಒಂದು ಪಾಲಿಗಿಂತ ಹೆಚ್ಚನ್ನು ಹೊರರೋಗಿ ಚಿಕಿತ್ಸೆಗೇ ಸುರಿಯುತ್ತಿದ್ದವು. ಅಡ್ಮಿಟ್ ಆಗದೆ, ಬರೀ ಡಾಕ್ಟರ ಫೀಸು, ಮಾತ್ರೆ, ಪರೀಕ್ಷೆಗೆ. ಮುಂದಿನ ವರ್ಷ ಅದೇ ತಂಡ ಅಲ್ಲಿನ ಮಧುಮೇಹಿಗಳ ಜತೆ ಕೂತು ಮಾತಾಡಿ ಬರೆಯಿತು. ಸರ್ಕಾರಿ ಕೇಂದ್ರದಲ್ಲಿ ಮಾತ್ರೆ ಇಲ್ಲ, ಖಾಸಗಿಯಲ್ಲಿ ದುಡ್ಡು ಸಾಲದು, ಒಬ್ಬ ವೈದ್ಯರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ಮನೆಯಲ್ಲಿ ಹೆಂಗಸಿನ ಕಾಯಿಲೆಗೆ ಕೊನೆಯ ಸರದಿ. ಮಧುಮೇಹ ಎಂದಿರುವ ಕಡೆ ಹೃದಯ ಎಂದು ಹಾಕಿ ಓದಿದರೆ ನಮ್ಮ ನೆರೆಯ ಗಂಗೊಂಡನಹಳ್ಳಿಯ ಚಿತ್ರ ಸಿಗುತ್ತದೆ.

ಈಗ ನನ್ನ ಕ್ಲಿನಿಕ್ಕಿನ ಮೇಜಿನ ಹತ್ತಿರ ಬನ್ನಿ. ಯಾರ ಗುರುತೂ ಸಿಗದಂತೆ ಹೇಳುತ್ತೇನೆ.

ರೋಗಿಯ ಮಗ ಒಂದು ಪ್ಲಾಸ್ಟಿಕ್ ಕವರ್ ಮೇಜಿನ ಮೇಲಿಡುತ್ತಾನೆ. ಒಳಗೆ ಇಸಿಜಿ ಇದೆ, ಆ ಕಾಗದ ಬಿಸಿಲಿಗೆ ಬಣ್ಣಗೆಟ್ಟು ಗೆರೆಗಳು ಅರ್ಧ ಅಳಿಸಿವೆ. ಎಕೋ ರಿಪೋರ್ಟ್, ರಕ್ತಪರೀಕ್ಷೆಯ ಚೀಟಿಗಳು, ಮೆಡಿಕಲ್ ಸ್ಟೋರ್ ಬಿಲ್ಲುಗಳು, ಮಡಿಸಿ ಮಡಿಸಿ ಹರಿಯುತ್ತಿರುವ ಡಿಸ್ಚಾರ್ಜ್ ಸಮ್ಮರಿ. ಸಮ್ಮರಿ ಇಂಗ್ಲಿಷಿನಲ್ಲಿ. ಕೊನೆಯ ಸಾಲಿನಲ್ಲಿ, ಎರಡು ವಾರ ಬಿಟ್ಟು ಬನ್ನಿ. ರೋಗಿ ಕೇಳುತ್ತಾರೆ: ‘ಡಾಕ್ಟ್ರೇ, ಪಂಪಿಂಗ್ ಮೂವತ್ತಂತೆ. ಅಂದ್ರೆ ಎಪ್ಪತ್ತು ಪರ್ಸೆಂಟ್ ಹೋಯ್ತು ಅಂತ ತಾನೆ?’ ಅಲ್ಲ. ಗಟ್ಟಿಮುಟ್ಟಾದ ಹೃದಯವೂ ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದ ಶೇ. 55ರಿಂದ 70ರಷ್ಟನ್ನು ಮಾತ್ರ ಹೊರದಬ್ಬುತ್ತದೆ. ನೂರು ಯಾರಿಗೂ ಇಲ್ಲ. ಸರಿಯಾದ ಚಿಕಿತ್ಸೆಯಿಂದ ಎಷ್ಟೋ ಜನರಲ್ಲಿ ಮೂವತ್ತು ನಲವತ್ತಾಗುತ್ತದೆ, ನಲವತ್ತು ಐವತ್ತಾಗುವುದೂ ಉಂಟು. ಇದನ್ನು ಅವರಿಗೆ ಯಾರೂ ಹೇಳಿಲ್ಲ. ಎಪ್ಪತ್ತು ಭಾಗ ಸತ್ತಿದೆ ಎಂದುಕೊಂಡವರು ಮಾತ್ರೆಯಿಂದ ಇನ್ನೇನಾಗಬೇಕು ಎಂದು ಕೈಬಿಡುತ್ತಾರೆ. ಅವರ ತರ್ಕದಲ್ಲಿ ತಪ್ಪಿಲ್ಲ. ಕೊಟ್ಟ ಮಾಹಿತಿ ಅರ್ಧ.

ಇನ್ನೊಬ್ಬರು ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗುವ ಹೆಂಗಸು, ಕೀಲುಜ್ವರದಿಂದ ಕವಾಟ ಕೆಟ್ಟವರು. ಕಾಲು ಮತ್ತೆ ಬಾತಿದೆ. ಮಾತ್ರೆ ತಗೊತಿದ್ದೀರಾ ಎಂದರೆ ಹೂಂ ಎನ್ನುತ್ತಾರೆ. ಹತ್ತು ನಿಮಿಷ ಬೇರೆ ಮಾತಾಡಿದ ಮೇಲೆ ನಿಜ ಹೊರಬರುತ್ತದೆ: ‘ನೀರಿನ ಮಾತ್ರೆ ಭಾನುವಾರ ಮಾತ್ರ ತಗೊತೀನಿ ಸಾರ್. ಬೆಳಿಗ್ಗೆ ತಗೊಂಡ್ರೆ ಲೈನಿಂದ ನಾಲ್ಕು ಸಲ ಏಳಬೇಕು. ಸೂಪರ್‌ವೈಸರ್ ಬಿಡಲ್ಲ.’ ಮದುವೆಗೆ, ಊರಹಬ್ಬಕ್ಕೆ ಬಸ್ಸಿನಲ್ಲಿ ಹೋಗುವ ಅಜ್ಜಿಯರೂ ಇದನ್ನೇ ಹೇಳುತ್ತಾರೆ. ನಾಲ್ಕು ಗಂಟೆಯ ದಾರಿ, ಹೆಂಗಸರಿಗೆ ಎಲ್ಲೂ ಜಾಗವಿಲ್ಲ, ಮಾತ್ರೆ ಬಿಟ್ಟುಬಿಡುತ್ತಾರೆ, ವಾಪಸ್ ಬಂದ ರಾತ್ರಿ ಉಬ್ಬಸ. ಅವರ ಕೇಸ್ ಶೀಟಿನಲ್ಲಿ ವೈದ್ಯರು ‘ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ’ ಎಂದು ಬರೆದು ಮುಗಿಸುತ್ತಾರೆ. ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಹಾಕುವ ಈ ಮಾತ್ರೆಯನ್ನು ಬೆಳಿಗ್ಗೆಯೇ ನುಂಗಬೇಕೆಂಬ ಕಟ್ಟುನಿಟ್ಟಿಲ್ಲ, ಕೆಲಸ ಮುಗಿಸಿ ಮನೆಗೆ ಬಂದು ಸಂಜೆ ನಾಲ್ಕೈದಕ್ಕೆ ತಗೊಂಡರೂ ನಡೆಯುತ್ತದೆ. ಒಂದು ವಾಕ್ಯದಲ್ಲಿ ಬಗೆಹರಿಯುವ ತೊಂದರೆ. ಆದರೆ ಆ ವಾಕ್ಯ ಹೇಳಬೇಕಾದರೆ ಮೊದಲು ಆ ಹತ್ತು ನಿಮಿಷ ಕೊಡಬೇಕು.

ಉಪ್ಪಿನ ವಿಷಯ. ‘ಉಪ್ಪು ಕಮ್ಮಿ ಮಾಡಿ’ ಎನ್ನುವುದು ಸುಲಭ. ಮನೆಯಲ್ಲಿ ಅಡುಗೆ ಒಂದೇ ಪಾತ್ರೆಯಲ್ಲಿ. ಗಂಡಸು ರೋಗಿಯಾದರೆ ಅವರಿಗೆ ಬೇರೆ ಸಾರು ಮಾಡುತ್ತಾರೆ, ಒಂದು ತಿಂಗಳಾದರೂ. ಅತ್ತೆ ರೋಗಿಯಾದರೆ ಸೊಸೆಗೆ ಹೇಳಲು ಸಂಕೋಚ. ಸೊಸೆಯೇ ರೋಗಿಯಾದರೆ ಕೇಳುವವರೇ ಇಲ್ಲ, ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಪ್ಪಿನಕಾಯಿ ಜತೆ ಉಣ್ಣುತ್ತಾಳೆ. ಸಾರಿಗೆ ಉಪ್ಪು ಹಾಕುವ ಮುಂಚೆ ಒಂದು ಬಟ್ಟಲು ತೆಗೆದಿಡಿ ಎಂದು ನಾನು ಮನೆಯವರನ್ನೆಲ್ಲ ಕೂರಿಸಿ ಹೇಳುತ್ತೇನೆ. ಹಪ್ಪಳ, ಸಂಡಿಗೆ, ಬೇಕರಿಯ ಖಾರಾ ಬಿಸ್ಕೆಟ್, ಮಸಾಲೆ ಮಜ್ಜಿಗೆ, ಇವುಗಳ ಲೆಕ್ಕ ಯಾರೂ ಇಡುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ: ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬೇಡಿ. ಮಂಡಿ ನೋವಿಗೆಂದು ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಲ್ಲಿ ಕೊಳ್ಳುವ ಡೈಕ್ಲೋಫೆನಾಕ್, ಇಬುಪ್ರೊಫೆನ್ ಮಾತ್ರೆಗಳೂ ಮೈಯಲ್ಲಿ ನೀರು ನಿಲ್ಲಿಸುತ್ತವೆ. ಹೃದಯದ ಡಾಕ್ಟರು ಮಂಡಿ ಬಗ್ಗೆ ಕೇಳುವುದಿಲ್ಲ, ಮೂಳೆ ಡಾಕ್ಟರು ಹೃದಯದ ಬಗ್ಗೆ ಕೇಳುವುದಿಲ್ಲ.

ದಾರಿಯ ಕಷ್ಟವೂ ಸಣ್ಣದಲ್ಲ. ನಮ್ಮ ಅತ್ತಿಗುಪ್ಪೆಯಿಂದ ಮೆಟ್ರೊ ರೈಲಿನ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಇಳಿದು ಹಸಿರು ಮಾರ್ಗದಲ್ಲಿ ಆರ್.ವಿ. ರೋಡ್, ಮತ್ತೆ ಇಳಿದು ಹಳದಿ ಮಾರ್ಗದಲ್ಲಿ ಎರಡನೇ ನಿಲ್ದಾಣ ಜಯದೇವ ಆಸ್ಪತ್ರೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದದ್ದು ನಮ್ಮ ಭಾಗದವರಿಗೆ ದೊಡ್ಡ ಅನುಕೂಲ. ಆದರೂ ಇಪ್ಪತ್ತು ಹೆಜ್ಜೆಗೆ ಏದುಸಿರು ಬಿಡುವವರು ಮೆಜೆಸ್ಟಿಕ್ಕಿನ ಜನಜಂಗುಳಿಯಲ್ಲಿ ಮಾರ್ಗ ಬದಲಿಸಿ, ಆಸ್ಪತ್ರೆಯ ಸಾಲಿನಲ್ಲಿ ನಿಂತು, ಎರಡು ನಿಮಿಷ ತೋರಿಸಿ, ಅದೇ ಮಾತ್ರೆ ಬರೆಸಿಕೊಂಡು ಬರಬೇಕು. ಜತೆಗೆ ಬರುವ ಮಗನಿಗೆ ಒಂದು ದಿನದ ಕೂಲಿ ಹೋಯಿತು. ಮುಂದಿನ ಸಲ ‘ಚೆನ್ನಾಗಿದ್ದೀನಲ್ಲ, ಬೇಡ ಬಿಡು’ ಎನ್ನುತ್ತಾರೆ.

ಇನ್ನು ನಮ್ಮ ಕಡೆಯ, ಅಂದರೆ ವೈದ್ಯರ ಕಡೆಯ ವಿಷಯ. ಆಯಸ್ಸು ಹೆಚ್ಚಿಸುವ ಆ ನಾಲ್ಕು ಬಗೆಯಲ್ಲಿ ಹೆಚ್ಚಿನ ಮಾತ್ರೆಗಳನ್ನು ಸಣ್ಣ ಪ್ರಮಾಣದಲ್ಲಿ ಶುರುಮಾಡಿ, ಎರಡು ವಾರಕ್ಕೊಮ್ಮೆ ಬಿಪಿ, ನಾಡಿ, ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡುತ್ತ ಏರಿಸಬೇಕು. ಮೆಟೊಪ್ರೊಲಾಲ್ ಉದಾಹರಣೆಗೆ ತೆಗೆದುಕೊಳ್ಳಿ, 12.5 ಅಥವಾ 25 ಮಿಲಿಗ್ರಾಂನಿಂದ ಆರಂಭಿಸಿ, ತಾಳಿಕೊಂಡರೆ 200ರವರೆಗೆ ಹೋಗಬೇಕು. ಪ್ರಯೋಗಗಳಲ್ಲಿ ಜೀವ ಉಳಿಸಿದ್ದು ಆ ಪೂರ್ಣ ಪ್ರಮಾಣದ ಗುರಿ. ಎರಡು ವರ್ಷ ಕಳೆದ ಮೇಲೂ 25ರಲ್ಲೇ ನಿಂತ ರೋಗಿಗಳು ಎಷ್ಟೋ ಜನ ನನ್ನಲ್ಲಿಗೆ ಬರುತ್ತಾರೆ. ದೊಡ್ಡಾಸ್ಪತ್ರೆಯ ತಜ್ಞರು ಹತ್ತಿರದ ಫ್ಯಾಮಿಲಿ ಡಾಕ್ಟರು ಏರಿಸುತ್ತಾರೆ ಎಂದುಕೊಂಡಿರುತ್ತಾರೆ. ಫ್ಯಾಮಿಲಿ ಡಾಕ್ಟರಿಗೆ ದೊಡ್ಡವರು ಬರೆದ ಚೀಟಿಯನ್ನು ಮುಟ್ಟುವುದು ಹೇಗೆ ಎಂಬ ಅಳುಕು, ಬಿಪಿ ಬಿದ್ದರೆ ಯಾರು ಹೊಣೆ ಎಂಬ ಭಯ. ರೋಗಿ ಹಳೆಯ ಚೀಟಿಯನ್ನೇ ಅಂಗಡಿಯಲ್ಲಿ ತೋರಿಸಿ ತಿಂಗಳು ತಿಂಗಳು ಅದೇ ಮಾತ್ರೆ ತರುತ್ತಾರೆ. ಮೂವರೂ ತಮ್ಮ ತಮ್ಮ ಕೆಲಸವನ್ನು ಶ್ರದ್ಧೆಯಿಂದಲೇ ಮಾಡುತ್ತಿದ್ದಾರೆ. ಪ್ರಮಾಣ ಏರಿಸುವುದು ಮಾತ್ರ ಯಾರ ಪಾಲಿನ ಕೆಲಸವೂ ಆಗಿಲ್ಲ.

ಈ ಉಪನ್ಯಾಸದಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಇದೇ. ರೋಗಿಯ ಅಸಡ್ಡೆ, ಅಜ್ಞಾನ, ಬಡತನ ಎಂದು ನಾವು ಬೇರೆ ಬೇರೆ ಹೆಸರಿನಿಂದ ಕರೆಯುವುದರಲ್ಲಿ ಬಹುಪಾಲು ಒಂದೇ ಜಾಗದಲ್ಲಿ ಹುಟ್ಟುತ್ತದೆ: ಆಸ್ಪತ್ರೆಯ ಗೇಟಿಗೂ ಮನೆಯ ಬಾಗಿಲಿಗೂ ನಡುವೆ, ಡಿಸ್ಚಾರ್ಜ್ ಆದ ಮೊದಲ ಕೆಲವು ವಾರಗಳಲ್ಲಿ, ಯಾರೂ ಹೊಣೆ ಹೊತ್ತಿರದ ಜಾಗದಲ್ಲಿ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮುಂಚೆ ತೂಕ ನೋಡಿಕೊಳ್ಳಿ, ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ತಡಮಾಡಬೇಡಿ ಎಂದು ನಾವು ಹೇಳುತ್ತೇವೆ. ಒಬ್ಬ ನಿವೃತ್ತ ಮೇಷ್ಟ್ರು ಹಾಗೆಯೇ ಮಾಡಿದರು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿದಿನದ ಚೌಕದಲ್ಲಿ ತೂಕ ಬರೆದಿದ್ದರು. ಏರುತ್ತಿರುವುದು ಅವರಿಗೇ ಕಂಡಿತ್ತು. ‘ಯಾರಿಗೆ ಹೇಳೋದು ಅಂತ ಗೊತ್ತಾಗಲಿಲ್ಲ’ ಎಂದರು, ಐಸಿಯುನಿಂದ ಹೊರಬಂದ ಮೇಲೆ. ಅವರ ಸಮ್ಮರಿಯಲ್ಲಿ ಫೋನ್ ನಂಬರ್ ಇತ್ತು, ಅಪಾಯಿಂಟ್‌ಮೆಂಟ್ ಕೌಂಟರಿನದು.

ಆ ಜಾಗದಲ್ಲಿ ಒಬ್ಬರನ್ನು ನಿಲ್ಲಿಸಿದರೆ ಏನಾಗುತ್ತದೆ ಎಂಬುದು ಗೊತ್ತಿಲ್ಲದ ಸಂಗತಿಯಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1995ರಲ್ಲೇ ಒಂದು ಪ್ರಯೋಗ ತೋರಿಸಿತು: ವಯಸ್ಸಾದ ರೋಗಿಗಳಿಗೆ ನರ್ಸ್ ಪಾಠ ಹೇಳಿ, ಆಹಾರ ನೋಡಿ, ಮನೆಗೆ ಹೋಗಿ, ಫೋನ್ ಮಾಡಿ ಬೆನ್ನಿಗೆ ನಿಂತರೆ, ಹೃದಯ ವೈಫಲ್ಯದಿಂದ ಮತ್ತೆ ಆಸ್ಪತ್ರೆ ಸೇರುವುದು ಅರ್ಧಕ್ಕಿಂತ ಕಡಿಮೆಯಾಯಿತು. 2022ರ ಸ್ಟ್ರಾಂಗ್-ಎಚ್‌ಎಫ್ ಪ್ರಯೋಗದಲ್ಲಿ ಡಿಸ್ಚಾರ್ಜ್ ಆದ ಎರಡು ವಾರದಲ್ಲೇ ಮಾತ್ರೆಗಳನ್ನು ಪೂರ್ಣ ಪ್ರಮಾಣಕ್ಕೆ ಏರಿಸಿ ಪದೇ ಪದೇ ನೋಡಿದರು. ಆರು ತಿಂಗಳಲ್ಲಿ ಸಾವು ಅಥವಾ ಮರುದಾಖಲಾತಿ ಮಾಮೂಲಿ ಆರೈಕೆಯಲ್ಲಿ ಶೇ. 23.3, ಇವರಲ್ಲಿ ಶೇ. 15.2. ಫಲ ಅಷ್ಟು ಸ್ಪಷ್ಟವಿದ್ದದ್ದರಿಂದ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ನಮ್ಮಲ್ಲೂ ಇಂಥ ಪ್ರಯೋಗ ಆಗಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಡೆನಿಸ್ ಝೇವಿಯರ್ ಮುಂದಾಳುತನದಲ್ಲಿ ದೇಶದ 14 ಆಸ್ಪತ್ರೆಗಳಲ್ಲಿ ಹೃದಯಾಘಾತದಂಥ ತೊಂದರೆಯಿಂದ ಚೇತರಿಸಿಕೊಳ್ಳುತ್ತಿದ್ದ 806 ಮಂದಿಯ ಮೇಲೆ ಪ್ರಯೋಗ ನಡೆಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಒಂದು ಗುಂಪಿನ ರೋಗಿಗಳನ್ನು ವಾರ್ಡಿನಲ್ಲೂ ಮನೆಯಲ್ಲೂ ಕಂಡು ಮಾತಾಡಿದರು. ಒಂದು ವರ್ಷದ ನಂತರ ಮಾತ್ರೆ ಬಿಡದೆ ತೆಗೆದುಕೊಳ್ಳುತ್ತಿದ್ದವರು ಆ ಗುಂಪಿನಲ್ಲಿ ಶೇ. 97, ಉಳಿದವರಲ್ಲಿ ಶೇ. 92. ಆ ಕಾರ್ಯಕರ್ತರು ಡಾಕ್ಟರಾಗಿರಬೇಕಿರಲಿಲ್ಲ, ಬಾಗಿಲು ತಟ್ಟಿ ಕೂತು ಕೇಳುವವರಾಗಿದ್ದರೆ ಸಾಕಾಯಿತು.

ದುಡ್ಡಿನ ವ್ಯವಸ್ಥೆಯೂ ಗೇಟಿನೊಳಗೇ ನಿಂತುಬಿಟ್ಟಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ. ಸ್ಟೆಂಟ್ ಹಾಕುತ್ತಾರೆ, ಐಸಿಯು ಖರ್ಚು ಕೊಡುತ್ತಾರೆ. ಆ ಐಸಿಯು ಸೇರದಂತೆ ತಡೆಯುವ ತಿಂಗಳ ಮಾತ್ರೆಗೆ ಅದರಲ್ಲಿ ದಾರಿಯಿಲ್ಲ. ಇಎಸ್‌ಐ ಇದ್ದವರಿಗೆ ರಾಜಾಜಿನಗರದ ಆಸ್ಪತ್ರೆಯಿಂದ ಮಾತ್ರೆ ಸಿಗುತ್ತದೆ, ದೊಡ್ಡ ಆಸರೆ ಅದು. ಆದರೆ ತಿಂಗಳ ಸಂಬಳ 21,000 ರೂಪಾಯಿ ದಾಟಿದರೆ ಹೊಸದಾಗಿ ಅದರೊಳಗೆ ಬರುವಂತಿಲ್ಲ, ಉಸಿರು ಸಾಲದೆ ಕೆಲಸ ಬಿಟ್ಟರೆ ಕೆಲವು ತಿಂಗಳಲ್ಲಿ ಅದೂ ಹೋಗುತ್ತದೆ. ಕಾಯಿಲೆ ಹೆಚ್ಚಾದಾಗಲೇ ಆಸರೆ ಕಳಚುವ ಏರ್ಪಾಡು ಇದು, ನನಗೆ ಇದನ್ನು ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ. 2022ರ ಡಿಸೆಂಬರಿನಲ್ಲಿ ಶುರುವಾದ ಸರ್ಕಾರದ ‘ನಮ್ಮ ಕ್ಲಿನಿಕ್’ ಯೋಜನೆಯಲ್ಲಿ ಆಗ ರಾಜ್ಯಕ್ಕೆ ನಿಗದಿಯಾದದ್ದು 438 ಕ್ಲಿನಿಕ್ಕುಗಳು, ಅದರಲ್ಲಿ ಬೆಂಗಳೂರಿಗೇ 243. ಬಿಪಿ, ಸಕ್ಕರೆಗೆ ಮಾತ್ರೆ ಕೊಡುವ ಆ ಕಟ್ಟಡಗಳಲ್ಲಿ ತೂಕದ ಯಂತ್ರ ಇದೆ, ಬಿಪಿ ಯಂತ್ರ ಇದೆ, ನರ್ಸ್ ಇದ್ದಾರೆ. ಹೃದಯ ವೈಫಲ್ಯದ ನಾಲ್ಕು ಬಗೆಯ ಮಾತ್ರೆಗಳನ್ನೂ ಅಲ್ಲಿಡಿ, ಅಲ್ಲಿನ ನರ್ಸಿಗೆ ಪ್ರಮಾಣ ಏರಿಸುವ ತರಬೇತಿಯನ್ನೂ, ಅನುಮಾನ ಬಂದಾಗ ಜಯದೇವದ ತಜ್ಞರನ್ನು ಕೇಳುವ ದಾರಿಯನ್ನೂ ಕೊಡಿ ಎಂಬುದು ನನ್ನ ಬೇಡಿಕೆ. ಹೃದಯ ಜ್ಯೋತಿಯಲ್ಲಿ ಇಸಿಜಿಗೆ ಮಾಡಿದ್ದನ್ನೇ ಇಲ್ಲಿ ಮಾತ್ರೆಯ ಚೀಟಿಗೆ ಮಾಡಬೇಕು.

ಅದಕ್ಕೆ ಮುಂಚೆ ಇಲ್ಲಿ ಯಾರಾದರೂ ಕೂತು ಕೇಳಬೇಕು. ಇಷ್ಟು ಹೊತ್ತು ನಾನು ಹೇಳಿದ್ದು ನನ್ನ ಕುರ್ಚಿಯಿಂದ ಕಂಡದ್ದು. ರೋಗಿ ಡಾಕ್ಟರ ಎದುರಿಗೆ ಎಲ್ಲವನ್ನೂ ಹೇಳುವುದಿಲ್ಲ, ಹೇಳುವಂತೆಯೂ ಇರುವುದಿಲ್ಲ. ಈ ಕೆಲಸವನ್ನು ಡಾಕ್ಟರಲ್ಲದವರು ಮಾಡಬೇಕು: ಸಮಾಜಶಾಸ್ತ್ರ, ನರ್ಸಿಂಗ್, ಸಮಾಜಕಾರ್ಯ ಓದುವ ಮಕ್ಕಳು. ಪಕ್ಕದಲ್ಲಿ ಐಸೆಕ್ ಇದೆ, ಜ್ಞಾನಭಾರತಿಯಲ್ಲಿ ವಿಶ್ವವಿದ್ಯಾಲಯ ಇದೆ. ಕನ್ನಡದಲ್ಲಿ, ತಮಿಳು, ತೆಲುಗು, ಉರ್ದುವಿನಲ್ಲಿ ಕೇಳಬಲ್ಲವರು ಈ ಸುತ್ತಮುತ್ತಲೇ ಸಿಗುತ್ತಾರೆ. ರೋಗಿಯನ್ನಷ್ಟೇ ಅಲ್ಲ, ಸೊಸೆಯನ್ನು, ಮೆಡಿಕಲ್ ಸ್ಟೋರಿನ ಹುಡುಗನನ್ನು, ಆಶಾ ಕಾರ್ಯಕರ್ತೆಯನ್ನು, ನನ್ನಂಥ ವೈದ್ಯರನ್ನೂ ಕೇಳಬೇಕು. ರಾಷ್ಟ್ರೀಯ ನೋಂದಣಿಯಲ್ಲಿ ಹೆಂಗಸರು ಶೇ. 31 ಮಾತ್ರ. ಹೆಂಗಸರಿಗೆ ಕಾಯಿಲೆಯೇ ಕಡಿಮೆಯೋ, ಆಸ್ಪತ್ರೆಯವರೆಗೆ ಬರುವುದೇ ಕಡಿಮೆಯೋ ಎಂಬುದು ಅಡುಗೆಮನೆಯಲ್ಲಿ ಕೂತು ಕೇಳಿದರೆ ಮಾತ್ರ ತಿಳಿದೀತು.

ಕೊನೆಯದಾಗಿ, ನಮ್ಮ ಮನೆಗಳಲ್ಲಿ ಯಾರೂ ಎತ್ತದ ಮಾತು. ಎಲ್ಲ ಮಾಡಿದ ಮೇಲೂ ಈ ಕಾಯಿಲೆ ಒಂದು ಹಂತದಲ್ಲಿ ಮಾತ್ರೆಗೆ ಬಗ್ಗುವುದಿಲ್ಲ. ಎಡಿನ್‌ಬರೋದ ರೋಗಿಗಳ ಮಾತಿನಲ್ಲಿ ಮತ್ತೆ ಮತ್ತೆ ಬಂದ ಅಂಶವೆಂದರೆ, ಮುಂದೇನು ಎಂಬುದನ್ನು ಅವರ ಜತೆ ಯಾರೂ ಮಾತಾಡಿರಲಿಲ್ಲ. ಬೆಂಗಳೂರಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಕರುಣಾಶ್ರಯ ಇದೆ, ದಶಕಗಳಿಂದ ಉಚಿತವಾಗಿ ಕೊನೆಗಾಲದ ಆರೈಕೆ ಮಾಡುತ್ತಿದೆ. ಹೃದಯ ಸೋತವರಿಗೆ ಅಂಥದ್ದು ಸಿಗುವುದು ಅಪರೂಪ. ಅವರು ಐಸಿಯುಗೂ ಮನೆಗೂ ಅಲೆಯುತ್ತ ಕೊನೆಗೆ ಯಂತ್ರಗಳ ನಡುವೆ ಹೋಗುತ್ತಾರೆ, ಮನೆಯವರು ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುತ್ತೋಲೆ ಹೊರಡಿಸಿತು. ಗುಣವಾಗುವ ಆಸೆಯಿಲ್ಲದಾಗ ಯಾವ ಚಿಕಿತ್ಸೆ ಬೇಡ ಎಂದು ಮುಂಚೆಯೇ ಬರೆದಿಡಬಹುದು, ತಮ್ಮ ಪರವಾಗಿ ಮಾತಾಡುವವರನ್ನು ಹೆಸರಿಸಬಹುದು. ಕಾಗದ ಬಂದಿದೆ. ಆ ಕಾಗದ ತುಂಬಬೇಕಾದರೆ ರೋಗಿ ಎದ್ದು ಕೂತು ಮಾತಾಡುವ ಸ್ಥಿತಿಯಲ್ಲಿರುವಾಗಲೇ, ಮನೆಯವರ ಎದುರಿಗೆ, ಅವರಿಗೆ ಪರಿಚಯವಿರುವ ಯಾರಾದರೂ ಮಾತು ತೆಗೆಯಬೇಕು. ಐಸಿಯು ಬಾಗಿಲಲ್ಲಿ ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರು ಮೊದಲ ಸಲ ಕೇಳಬೇಕಾದ ಪ್ರಶ್ನೆಯಲ್ಲ ಇದು. ಎರಡು ವಾರಕ್ಕೊಮ್ಮೆ ತೂಕ, ಬಿಪಿ ನೋಡಿ ಮಾತ್ರೆ ಏರಿಸಲು ಬರುವ ನರ್ಸ್ ಇದ್ದಿದ್ದರೆ ಆರು ತಿಂಗಳಲ್ಲಿ ಅವರಿಗೆ ಆ ಮನೆಯ ಎಲ್ಲರ ಪರಿಚಯವೂ ಆಗಿರುತ್ತಿತ್ತು. ಅಂಥವರನ್ನು ನೇಮಿಸಿ ಎಂದು ನಾನು ಕೇಳುವಾಗ ಈ ಕೆಲಸವನ್ನೂ ಅದರಲ್ಲಿ ಸೇರಿಸಿಯೇ ಕೇಳುತ್ತಿದ್ದೇನೆ.

 ಪ್ರಶ್ನೆಗಳಿಗೆ ಅಧ್ಯಕ್ಷರು ಸಮಯ ಕೊಟ್ಟಿದ್ದಾರೆ. ಹೆಂಗಸರು ಮೊದಲು ಕೇಳಲಿ.